ಹಡಗು ಬರುವ ಹೊತ್ತು

ಹಾಸನ ತಾಲ್ಲೂಕಿನ ಕಟ್ಟಾಯದ ಸುತ್ತಣ ಸೀಮೆ ಕಡಲಿನಿಂದ ಬಹು ದೂರವಾದ ಒಳನಾಡು. ರಾಗಿಯ ಹೊಲ, ತೆಂಗಿನ ತೋಟ, ಕೆರೆಯ ಏರಿ, ಏರಿಯ ಕೆಳಗಿನ ಗದ್ದೆ, ಇವು ಇಲ್ಲಿಯ ಮಕ್ಕಳು ಕಣ್ಣು ಬಿಟ್ಟಂದಿನಿಂದ ಕಾಣುವ ಲೋಕ. ಅವರ ಪಾಲಿಗೆ ದೊಡ್ಡ ನೀರೆಂದರೆ ಹೇಮಾವತಿಯೇ. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಹೊಳೆಯ ಆಚೆ ದಡಕ್ಕೆ ಹೋಗಬೇಕಾದವರು ಹರಿಗೋಲಿಗಾಗಿ ಕಾದು ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಪ್ರವಾಹ ಉಕ್ಕಿದರೆ ಹರಿಗೋಲೂ ನಿಲ್ಲುತ್ತಿತ್ತು. ಆಗ ಆಚೆ ದಡದ ನೆಂಟರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೂ ಕೈಗೆ ಎಟುಕದಷ್ಟು ದೂರದಲ್ಲಿರುತ್ತಿದ್ದರು. 1979ರಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಪೂರ್ಣಗೊಂಡಿತು. ಹರಿಯುತ್ತಿದ್ದ ಹೊಳೆ ಅಲ್ಲಿ ಹಿನ್ನೀರಾಗಿ ಹರಡಿ ನಿಂತಿತು.

ಈ ಸೀಮೆಯವರಿಗೆ ದೂರದೇಶದ ಪ್ರಯಾಣ ಹೊಸದೇನೂ ಅಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಅಮೆರಿಕ ಪ್ರವಾಸದ ಅನುಭವಗಳನ್ನು ಬರೆದ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಎಷ್ಟೋ ಮನೆಗಳ ಮಕ್ಕಳು ಎಂಜಿನಿಯರುಗಳಾಗಿ, ವೈದ್ಯರಾಗಿ, ದಾದಿಯರಾಗಿ ಪರದೇಶಗಳಲ್ಲಿ ದುಡಿಯುತ್ತಿದ್ದಾರೆ. ಕಟ್ಟಾಯದ ಕಡೆಯ ಅಂಥ ತರುಣನೊಬ್ಬ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕೆಲಸಕ್ಕಿದ್ದಾನೆ ಎಂದು ಭಾವಿಸಬಹುದು. ಬೇಸಗೆಯ ರಜೆಯಲ್ಲಿ ಆತ ತನ್ನ ಕಾರನ್ನೇರಿ ಆ ನಾಡಿನ ಪಶ್ಚಿಮದ ದ್ವೀಪಗಳನ್ನು ನೋಡಲು ಹೊರಟರೆ ಅವನ ಪ್ರಯಾಣ ಹೇಗೆ ಸಾಗೀತು? ಅವನು ಅಲ್ಲಿ ಏನನ್ನು ಕಂಡಾನು?

ಸ್ಕಾಟ್ಲೆಂಡಿಗೆ ಸೇರಿದ ದ್ವೀಪಗಳು ಏಳುನೂರಕ್ಕೂ ಹೆಚ್ಚು. ಅವುಗಳಲ್ಲಿ ಜನ ನೆಲೆಸಿರುವುದು ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಪಶ್ಚಿಮ ಕರಾವಳಿಯ ದ್ವೀಪಗಳಿಗೆ ಹೆಬ್ರಿಡೀಸ್ ಎಂದು ಹೆಸರು. ಗ್ಲಾಸ್ಗೋದಿಂದ ಮಲ್ಲೇಗ್ ಎಂಬ ರೇವಿಗೆ ಸುಮಾರು 240 ಕಿಲೋಮೀಟರುಗಳ ದಾರಿ. ಲೋಮಂಡ್ ಎಂಬ ವಿಶಾಲವಾದ ಸರೋವರದ ಅಂಚಿನಲ್ಲಿ ಸಾಗಿ, ಬ್ರಿಟನ್ನಿನಲ್ಲೇ ಅತ್ಯಂತ ಎತ್ತರವಾದ, 1345 ಮೀಟರಿನ ಬೆನ್ ನೆವಿಸ್ ಶಿಖರದ ಬುಡವನ್ನು ಬಳಸಿ ಹೋಗುವ ಈ ರಸ್ತೆ ಕೊನೆಗೆ ಕಡಲಿನ ಎದುರು ನಿಂತುಬಿಡುತ್ತದೆ. ಮುಂದೆ ನೀರು; ನೀರಿನಾಚೆ ಮಂಜಿನಲ್ಲಿ ಮಸುಕಾದ ಬೆಟ್ಟಗಳು. ಅಲ್ಲಿಯವರೆಗೆ ತನ್ನ ಇಷ್ಟದಂತೆ ವೇಗವಾಗಿ ಬಂದ ಪ್ರಯಾಣಿಕ ಇನ್ನು ಮೇಲೆ ಹಡಗಿನ ವೇಳೆಗೆ ತಲೆಬಾಗಬೇಕು.

ಇಲ್ಲಿಯ ಹಡಗು ಜನರನ್ನಷ್ಟೇ ಅಲ್ಲ, ವಾಹನಗಳನ್ನೂ ಹೊರುತ್ತದೆ. ಶರಾವತಿಯ ಹಿನ್ನೀರಿನ ಜನ ಲಾಂಚು ಎಂದು ಕರೆಯುತ್ತಿದ್ದುದರ ದೊಡ್ಡ ರೂಪವಿದು. ರೇವಿನಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಡಗು ದಡ ಸೇರಿದೊಡನೆ ಅದರ ಅಗಲವಾದ ಬಾಗಿಲು ಸೇತುವೆಯಂತೆ ಕೆಳಗಿಳಿಯುತ್ತದೆ. ಒಳಗಿನ ವಾಹನಗಳು ಇಳಿದ ಮೇಲೆ ಹೊರಗಿನವು ಒಂದೊಂದಾಗಿ ಏರುತ್ತವೆ. ಖಲಾಸಿಗಳು ಕೈಸನ್ನೆಯಿಂದಲೇ ಪ್ರತಿ ವಾಹನಕ್ಕೂ ಜಾಗ ತೋರಿಸುತ್ತಾರೆ. ಹಡಗಿನ ಒಂದು ಮಗ್ಗುಲಿಗೇ ಭಾರ ಬೀಳಬಾರದು. ಗೇಣು ಜಾಗವೂ ವ್ಯರ್ಥವಾಗಬಾರದು. ಎಂಜಿನು ನಿಲ್ಲಿಸಿ, ಬ್ರೇಕು ಬಿಗಿದು, ಪ್ರಯಾಣಿಕರೆಲ್ಲರೂ ಮೇಲಿನ ಅಂತಸ್ತಿಗೆ ಹೋಗಬೇಕು. ಮಲ್ಲೇಗಿನಿಂದ ಹೊರಟ ಹಡಗು ಒಂದು ಗಂಟೆಯೊಳಗೆ ಸ್ಕೈ ದ್ವೀಪದ ಆರ್ಮಡೇಲ್ ರೇವನ್ನು ಸೇರುತ್ತದೆ.

ಸ್ಕೈ ದ್ವೀಪಕ್ಕೆ ಇಂದು ಸೇತುವೆಯೂ ಇದೆ. ಅದು 1995ರಲ್ಲಿ ಸಂಚಾರಕ್ಕೆ ತೆರೆಯಿತು. ಆದರೆ ಸೇತುವೆಯನ್ನು ದಾಟುವವರು ಹೆಚ್ಚಿನ ಸುಂಕ ತೆರಬೇಕಾಗಿತ್ತು. ತಮ್ಮ ಮನೆಗೆ ತಾವು ಹೋಗಲು ಇಷ್ಟು ಸುಂಕವೇಕೆಂದು ದ್ವೀಪದ ಅನೇಕರು ಅದನ್ನು ಕೊಡಲು ನಿರಾಕರಿಸಿದರು. ನ್ಯಾಯಾಲಯಗಳಲ್ಲಿ ದಂಡನೆಗೂ ಒಳಗಾದರು. ಒಂಬತ್ತು ವರ್ಷಗಳ ಹೋರಾಟದ ತರುವಾಯ, 2004ರ ಡಿಸೆಂಬರಿನಲ್ಲಿ ಆ ಸುಂಕ ರದ್ದಾಯಿತು. ಪ್ರವಾಸಿಗೆ ಸೇತುವೆಯೆಂಬುದು ವರ್ಷದಲ್ಲಿ ಒಮ್ಮೆ ದಾಟುವ ದಾರಿ. ಅಲ್ಲಿಯ ನಿವಾಸಿಗೆ ಅದು ದಿನನಿತ್ಯದ ಹೊಸ್ತಿಲು. ಈ ಭೇದವನ್ನು ಅರಿಯುವುದೇ ದ್ವೀಪಗಳನ್ನು ಅರಿಯುವ ಮೊದಲ ಮೆಟ್ಟಿಲು.

ಸ್ಕೈ ದ್ವೀಪದ ಉತ್ತರದಲ್ಲಿರುವ ಊಇಗ್ ಎಂಬ ರೇವಿನಿಂದ ಮತ್ತೊಂದು ಹಡಗು ಹೊರಡುತ್ತದೆ. ಅದು ಸುಮಾರು ಒಂದೂಮುಕ್ಕಾಲು ಗಂಟೆ ತೆರೆದ ಕಡಲಿನಲ್ಲಿ ಸಾಗಿ ಹ್ಯಾರಿಸ್ ಪ್ರದೇಶದ ಟಾರ್ಬರ್ಟ್ ಎಂಬ ಊರನ್ನು ಮುಟ್ಟುತ್ತದೆ. ಇಲ್ಲಿಂದ ಹೊರ ಹೆಬ್ರಿಡೀಸ್ ಆರಂಭ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 210 ಕಿಲೋಮೀಟರುಗಳ ಉದ್ದಕ್ಕೆ, ಹರಿದ ಸರದ ಮಣಿಗಳಂತೆ ಈ ದ್ವೀಪಗಳು ಚದರಿಕೊಂಡಿವೆ. ಇಡೀ ದ್ವೀಪಸಮೂಹದ ಜನಸಂಖ್ಯೆ ಸುಮಾರು 26 ಸಾವಿರ. ಮರಗಳು ಅಪರೂಪ, ಗಾಳಿ ಅವುಗಳನ್ನು ಬೆಳೆಯಗೊಡದು. ಪೂರ್ವದಲ್ಲಿ ಬರಿಯ ಬಂಡೆ. ಪಶ್ಚಿಮದಲ್ಲಿ ಚಿಪ್ಪುಗಳು ಪುಡಿಯಾಗಿ ಉಂಟಾದ ಬಿಳಿಯ ಮರಳಿನ ತೀರ. ಉತ್ತರದ ಲೂಯಿಸ್ ಪ್ರದೇಶದ ಕಲನಿಶ್ ಎಂಬಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮನುಷ್ಯರು ನಿಲ್ಲಿಸಿದ ಕಲ್ಲುಗಳ ವೃತ್ತವೊಂದಿದೆ. ಕಡಲಂಚಿನ ಈ ನೆಲವನ್ನು ಮಾನವನು ತನ್ನದಾಗಿಸಿಕೊಂಡು ಎಷ್ಟು ಕಾಲವಾಯಿತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಈ ದ್ವೀಪಗಳ ಬಹುಪಾಲು ರಸ್ತೆಗಳು ಒಂದೇ ವಾಹನ ಹಿಡಿಸುವಷ್ಟು ಕಿರಿದು. ಅಲ್ಲಲ್ಲಿ ರಸ್ತೆಯ ಪಕ್ಕದಲ್ಲಿ ಸ್ವಲ್ಪ ಜಾಗವನ್ನು ಅಗಲಿಸಿ ಫಲಕ ನೆಟ್ಟಿರುತ್ತಾರೆ. ಎದುರಿನಿಂದ ವಾಹನ ಬಂದರೆ ಒಬ್ಬರು ಅಲ್ಲಿ ನಿಂತು ಇನ್ನೊಬ್ಬರಿಗೆ ದಾರಿ ಕೊಡಬೇಕು. ದಾರಿ ಪಡೆದವರು ಕೈಯೆತ್ತಿ ವಂದಿಸಿ ಮುಂದೆ ಸಾಗುತ್ತಾರೆ. ಹಿಂದಿನಿಂದ ಬರುವವರಿಗೂ ದಾರಿ ಬಿಡುವ ಜಾಗವಿದು. ಊರಿನ ವೈದ್ಯನೋ ಅಂಚೆಯವನೋ ಅವಸರದ ಕೆಲಸದ ಮೇಲೆ ಹಿಂದೆಯೇ ಬರುತ್ತಿರಬಹುದು. ದೃಶ್ಯವನ್ನು ಸವಿಯುತ್ತ ನಿಧಾನವಾಗಿ ಹೋಗುವ ಪ್ರವಾಸಿ ಆಗ ಬದಿಗೆ ಸರಿಯಲೇಬೇಕು. ಆ ಜಾಗದಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯುತ್ತ ಕುಳಿತರೆ ದಾರಿಯೇ ಕಟ್ಟಿಹೋಗುತ್ತದೆ. ಹಾಸನ ಜಿಲ್ಲೆಯ ಹಳ್ಳಿಯ ಬಂಡಿದಾರಿಯಲ್ಲಿ ಎರಡು ಗಾಡಿಗಳು ಎದುರಾದಾಗ ಒಂದು ಗಾಡಿ ಹೊಲದ ಅಂಚಿಗೆ ಸರಿದು ನಿಲ್ಲುತ್ತಿದ್ದುದನ್ನು ಕೇಳಿ ಬಲ್ಲವನಿಗೆ ಈ ಮರ್ಯಾದೆ ಅಪರಿಚಿತವೆನಿಸದು.

ದ್ವೀಪವಾಸಿಗಳ ಬದುಕು ಕಷ್ಟದ್ದು. ಒಂದಿಷ್ಟು ಕುರಿ, ಸಣ್ಣ ಹಿಡುವಳಿ, ಮೀನುಗಾರಿಕೆ, ಇವುಗಳ ಜೊತೆಗೆ ಬೇರೊಂದು ಕಸುಬನ್ನೂ ಮಾಡಿದರೇ ಸಂಸಾರ ಸಾಗುತ್ತದೆ. ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಗಿಡಗಂಟಿಗಳು ಪೂರ್ತಿ ಕೊಳೆಯದೆ ಒತ್ತಿಕೊಂಡು ಉಂಟಾದ ಪೀಟ್ ಎಂಬ ಕಪ್ಪು ಮಣ್ಣನ್ನು ಅವರು ಇಟ್ಟಿಗೆಯಂತೆ ಕೊಯ್ದು, ಬೆರಣಿಯಂತೆ ಒಣಗಿಸಿ, ಒಲೆಗೆ ಉರುವಲಾಗಿ ಬಳಸುತ್ತ ಬಂದಿದ್ದಾರೆ. ಇಲ್ಲಿಯ ಉಣ್ಣೆಯ ಬಟ್ಟೆ ಹ್ಯಾರಿಸ್ ಟ್ವೀಡ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. 1993ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಕಾನೂನಿನಂತೆ, ಹೊರ ಹೆಬ್ರಿಡೀಸಿನಲ್ಲೇ ಬಣ್ಣ ಕಟ್ಟಿ ನೂತ ಉಣ್ಣೆಯನ್ನು ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ, ಕಾಲಿನಿಂದ ತುಳಿದು ನಡೆಸುವ ಮಗ್ಗಗಳಲ್ಲಿ ನೇಯ್ದರೆ ಮಾತ್ರ ಬಟ್ಟೆಗೆ ಆ ಹೆಸರು ಸಲ್ಲುತ್ತದೆ. ದೂರದ ಕಾರ್ಖಾನೆಯೊಂದು ಅಗ್ಗವಾಗಿ ನೇಯ್ದು ಆ ಹೆಸರನ್ನು ಹಚ್ಚಿಕೊಳ್ಳುವಂತಿಲ್ಲ. ಒಂದು ಕಸುಬು ತನ್ನ ನೆಲದಲ್ಲೇ ಉಳಿಯಲು ಇಂಥ ಕಾವಲು ಬೇಕಾಯಿತು.

ಇಲ್ಲಿಯವರ ಮಾತೃಭಾಷೆ ಗೇಲಿಕ್. ದಾರಿಯ ಫಲಕಗಳಲ್ಲಿ ಊರಿನ ಹೆಸರು ಮೊದಲು ಕಾಣುವುದು ಈ ಭಾಷೆಯಲ್ಲಿ. ಆದರೂ 2022ರ ಜನಗಣತಿಯ ವೇಳೆಗೆ ಹೊರ ಹೆಬ್ರಿಡೀಸಿನಲ್ಲಿಯೂ ಗೇಲಿಕ್ ಆಡಬಲ್ಲವರು ಅರ್ಧಕ್ಕಿಂತ ಕಡಿಮೆಯಾಗಿದ್ದರು. ಓದಿದ ಮಕ್ಕಳು ಉದ್ಯೋಗಕ್ಕಾಗಿ ನಗರಗಳಿಗೆ ಹೋಗುವುದೂ ಇದಕ್ಕೆ ಒಂದು ಕಾರಣ. ತಾನೂ ಹಾಗೆಯೇ ಊರು ಬಿಟ್ಟು ಬಂದವನೆಂಬುದು ಕಟ್ಟಾಯದ ತರುಣನಿಗೆ ಇಲ್ಲಿ ನೆನಪಾಗದೆ ಇರದು.

ಹ್ಯಾರಿಸಿನ ದಕ್ಷಿಣ ತುದಿಯಿಂದ ಬರ್ನರೆ ದ್ವೀಪಕ್ಕೆ ಹೋಗುವ ಹಡಗು ನೇರವಾಗಿ ಸಾಗುವುದಿಲ್ಲ. ನೀರಿನಡಿ ಅಡಗಿದ ಬಂಡೆಗಳನ್ನು ತಪ್ಪಿಸಿ ಹಾವಿನಂತೆ ಬಳುಕುತ್ತ ಹೋಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹಲವು ದ್ವೀಪಗಳನ್ನು ಕಲ್ಲಿನ ಏರಿಗಳು ಬೆಸೆದಿವೆ. ಕೆರೆಯ ಏರಿಯ ಮೇಲಿನ ರಸ್ತೆಯಂತೆಯೇ ಇವು. ಎರಡು ಕಡೆಯಲ್ಲಿಯೂ ಕಡಲು ಮಾತ್ರ ಇರುತ್ತದೆ. ಉತ್ತರ ಊಯಿಸ್ಟ್ ಮತ್ತು ಬೆನ್‌ಬೆಕುಲಾ ದ್ವೀಪಗಳ ನಡುವಣ ಏರಿ 1960ರಲ್ಲಿ, ಬರ್ನರೆಯ ಏರಿ 1999ರಲ್ಲಿ, ಎರಿಸ್ಕೆಯ ಏರಿ 2001ರಲ್ಲಿ ಸಂಚಾರಕ್ಕೆ ತೆರೆದವು. ನೀರುನಾಯಿಗಳು ರಸ್ತೆ ದಾಟುತ್ತವೆ, ನಿಧಾನವಾಗಿ ಸಾಗಿರಿ ಎಂಬ ಫಲಕಗಳು ಈ ಏರಿಗಳ ಬಳಿ ಕಾಣುತ್ತವೆ.

ಎರಿಸ್ಕೆಯಿಂದ ಹಡಗಿನಲ್ಲಿ ನಲವತ್ತು ನಿಮಿಷ ಸಾಗಿದರೆ ಬಾರಾ ದ್ವೀಪ. ಇಲ್ಲಿಯ ವಿಮಾನ ನಿಲ್ದಾಣ ಕಡಲ ತೀರದ ಮರಳೇ. ಭರತ ಬಂದಾಗ ನೀರಿನಲ್ಲಿ ಮುಳುಗುವ ಆ ಮರಳಿನ ಮೇಲೆ ಇಳಿತದ ಹೊತ್ತಿನಲ್ಲಿ ಸಣ್ಣ ವಿಮಾನ ಬಂದಿಳಿಯುತ್ತದೆ. ಬಾರಾದ ಮಗ್ಗುಲಲ್ಲೇ ವಾಟರ್ಸೆ ಎಂಬ ಕಿರುದ್ವೀಪವಿದೆ. ಅಲ್ಲಿಯ ದನಕರುಗಳನ್ನು ಸಾಗಿಸಬೇಕಾದರೆ ದೋಣಿಯ ಹಿಂದೆ ಕಟ್ಟಿ ಕಡಲಿನಲ್ಲಿ ಈಜಿಸಿಕೊಂಡು ಹೋಗಬೇಕಾಗಿತ್ತು. 1986ರಲ್ಲಿ ಹೀಗೆ ಈಜಿಸುವಾಗ ಉತ್ತಮ ತಳಿಯ ಹೋರಿಯೊಂದು ಮುಳುಗಿ ಸತ್ತಿತು. ಏರಿ ಬೇಕೆಂದು ದ್ವೀಪದವರು ಮೊದಲಿನಿಂದಲೂ ಕೇಳುತ್ತಿದ್ದರು. ಆ ಹೋರಿಯ ಸಾವಿನಿಂದ ಅವರ ಕಷ್ಟ ನಾಡಿಗೆಲ್ಲ ತಿಳಿಯಿತು. 1991ರಲ್ಲಿ ಏರಿ ಸಿದ್ಧವಾಯಿತು. ದನವೊಂದು ಸತ್ತರೆ ಸಂಸಾರಕ್ಕೆ ಎಂಥ ಪೆಟ್ಟು ಬೀಳುತ್ತದೆ ಎಂಬುದನ್ನು ಒಕ್ಕಲು ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಏರಿ ಕಟ್ಟಲಾಗದಷ್ಟು ದೂರದ ದ್ವೀಪಗಳ ಗತಿಯೇನು? ಇದಕ್ಕೆ ಸೇಂಟ್ ಕಿಲ್ಡಾ ಉತ್ತರ ಹೇಳುತ್ತದೆ. ಹೊರ ಹೆಬ್ರಿಡೀಸಿನಿಂದಲೂ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಈ ದ್ವೀಪಗಳಿವೆ. ಇಲ್ಲಿಯ ಜನ ಕಡಿದಾದ ಬಂಡೆಗಳನ್ನು ಹಗ್ಗ ಹಿಡಿದು ಇಳಿದು, ಕಡಲಹಕ್ಕಿಗಳನ್ನೂ ಅವುಗಳ ಮೊಟ್ಟೆಗಳನ್ನೂ ತಂದು ಜೀವಿಸುತ್ತಿದ್ದರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಡಗಿನ ಸುಳಿವಿರುತ್ತಿರಲಿಲ್ಲ. ಮರದ ತುಂಡನ್ನು ಕೊರೆದು, ಅದರೊಳಗೆ ಕಾಗದವಿಟ್ಟು, ಗಾಳಿ ತುಂಬಿದ ಕುರಿಯ ಮೂತ್ರಕೋಶವನ್ನು ತೇಲಲು ಕಟ್ಟಿ, ಅವರು ಅದನ್ನು ಕಡಲಿಗೆ ಬಿಡುತ್ತಿದ್ದರು. ಅಲೆಗಳು ಅದನ್ನು ಎಲ್ಲಿಯಾದರೂ ದಡ ಸೇರಿಸಿದರೆ, ಕಂಡವರು ಅಂಚೆಗೆ ಹಾಕುವರು ಎಂಬ ಭರವಸೆಯೊಂದೇ ಅವರಿಗಿದ್ದುದು.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಈ ದ್ವೀಪದಲ್ಲಿ ಸುಮಾರು 180 ಜನರಿದ್ದರು. ರೋಗರುಜಿನಗಳಿಂದಲೂ ವಲಸೆಯಿಂದಲೂ ಅವರ ಸಂಖ್ಯೆ ಕುಗ್ಗುತ್ತ ಬಂದಿತು. ದುಡಿಯಬಲ್ಲ ತರುಣರು ಒಬ್ಬೊಬ್ಬರಾಗಿ ದ್ವೀಪ ಬಿಟ್ಟರು. ಉಳಿದವರು ದೋಣಿ ನಡೆಸಲೂ ಬಂಡೆ ಇಳಿಯಲೂ ಸಾಲದಾದರು. ಕೊನೆಗೆ ಅವರೇ ತಮ್ಮನ್ನು ಬೇರೆಡೆಗೆ ಸಾಗಿಸಬೇಕೆಂದು ಸರ್ಕಾರಕ್ಕೆ ಮನವಿ ಬರೆದರು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ನೌಕಾಪಡೆಯ ಹಡಗನ್ನೇರಿ ಶಾಶ್ವತವಾಗಿ ಊರು ತೊರೆದರು. ಹೊರಡುವ ಮುನ್ನ ಅವರು ಪ್ರತಿ ಮನೆಯಲ್ಲಿಯೂ ಒಂದು ಹಿಡಿ ಧಾನ್ಯವನ್ನೂ ತೆರೆದ ಬೈಬಲ್ಲನ್ನೂ ಇಟ್ಟು ಬಂದರೆಂದು ಹೇಳುತ್ತಾರೆ. ಅಲ್ಲಿ ಹುಟ್ಟಿ ಅಂದು ಹೊರಟುಬಂದವರಲ್ಲಿ ಕೊನೆಯವರು 2016ರಲ್ಲಿ ತೀರಿಕೊಂಡರು. ಇಂದು ಸೇಂಟ್ ಕಿಲ್ಡಾ ವಿಶ್ವಪರಂಪರೆಯ ತಾಣ. ಬೇಸಗೆಯಲ್ಲಿ ಪ್ರವಾಸಿಗಳ ದೋಣಿಗಳು ಅಲ್ಲಿಗೆ ಹೋಗಿಬರುತ್ತವೆ. ಜನ ಇದ್ದಾಗ ಹಡಗು ಬರಲಿಲ್ಲ; ಹಡಗು ಬರುವಾಗ ಜನ ಇಲ್ಲ.

ದ್ವೀಪಗಳ ಜನ ಉಳಿಯಬೇಕಾದರೆ ಹಡಗಿನ ದರ ಅವರ ಕೈಗೆಟುಕಬೇಕು. ಇದನ್ನು ಮನಗಂಡ ಸ್ಕಾಟ್ಲೆಂಡಿನ ಸರ್ಕಾರ, ಅಷ್ಟೇ ದೂರವನ್ನು ರಸ್ತೆಯಲ್ಲಿ ಕ್ರಮಿಸಲು ತಗಲುವ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ಹಡಗಿನ ದರವನ್ನು ನಿಗದಿ ಮಾಡುವ ಕ್ರಮವನ್ನು 2008ರಲ್ಲಿ ಹೊರ ಹೆಬ್ರಿಡೀಸಿನ ಮಾರ್ಗಗಳಲ್ಲಿ ಆರಂಭಿಸಿತು. ಅನಂತರ ಅದು ಇತರ ಮಾರ್ಗಗಳಿಗೂ ಹಬ್ಬಿತು. ದರ ಇಳಿಯಿತು. ದ್ವೀಪದವರಿಗೆ ಅನುಕೂಲವಾಯಿತು, ಪ್ರವಾಸಿಗಳೂ ಹೆಚ್ಚಿದರು. ಆದರೆ ಹಡಗಿನಲ್ಲಿರುವ ಜಾಗ ಅಷ್ಟೇ. ಬೇಸಗೆಯ ತಿಂಗಳುಗಳಲ್ಲಿ ಪ್ರವಾಸಿಗಳ ಕಾರುಗಳೇ ಹಡಗನ್ನು ತುಂಬಿ, ಆಸ್ಪತ್ರೆಗೋ ಸಾವಿನ ಮನೆಗೋ ತುರ್ತಾಗಿ ಹೋಗಬೇಕಾದ ಊರವರಿಗೆ ಸ್ಥಳ ಸಿಗದು ಎಂಬ ದೂರು ಕೇಳಿಬಂದಿತು. ಪ್ರವಾಸಿಗಳ ಹಣದಿಂದ ಅಲ್ಲಿಯ ಅಂಗಡಿಗಳೂ ವಸತಿಗೃಹಗಳೂ ನಡೆಯುತ್ತವೆ ಎಂಬುದೂ ನಿಜವೇ. ಅತಿಥಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅತಿಥಿ ಬಂದ ಕಾರಣಕ್ಕೆ ಮನೆಯವರೇ ಹೊರಗೆ ನಿಲ್ಲುವಂತಾಗಬಾರದು.

ಈ ಇಕ್ಕಟ್ಟು ಸ್ಕಾಟ್ಲೆಂಡಿಗೆ ಮಾತ್ರ ಸೇರಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಶರಾವತಿಯ ನೀರು ಹರಡಿ, ಸಾಗರ ತಾಲ್ಲೂಕಿನ ತುಮರಿಯ ಸುತ್ತಣ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ನಾಡಿಗೆ ವಿದ್ಯುತ್ತು ದೊರೆಯಿತು. ಆ ಊರುಗಳಿಗೆ ದೊರೆತದ್ದು ಲಾಂಚಿನ ದಾರಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಬಸ್ಸು, ಕಾರು, ಜನ ಎಲ್ಲವನ್ನೂ ಹೊತ್ತು ಲಾಂಚು ಓಡಾಡುತ್ತಿತ್ತು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಯಾತ್ರಿಕರು ಹೆಚ್ಚಿದಂತೆ ದಡದಲ್ಲಿ ವಾಹನಗಳ ಸಾಲೂ ಬೆಳೆಯಿತು. ಯಾತ್ರಿಕರಿಗೆ ಆ ನೀರಿನ ದಾರಿ ಒಂದು ಗಳಿಗೆಯ ಸಂತೋಷ; ಗರ್ಭಿಣಿಯನ್ನು ರಾತ್ರಿಯ ಹೊತ್ತು ಆಸ್ಪತ್ರೆಗೆ ಸೇರಿಸಬೇಕಾದ ಮನೆಗೆ ಅದೇ ದಾರಿ ಒಂದು ಆತಂಕ. ಆರು ದಶಕಗಳ ಕಾಯುವಿಕೆಯ ತರುವಾಯ 2025ರ ಜುಲೈ 14ರಂದು ಅಲ್ಲಿ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು.

ಹೀಗೆ ದ್ವೀಪಗಳನ್ನು ಸುತ್ತಿ, ರಜೆಯಲ್ಲಿ ಊರಿಗೆ ಮರಳಿದ ತರುಣ ಹೇಮಾವತಿಯ ಹಿನ್ನೀರಿನ ದಡದಲ್ಲಿ ನಿಂತರೆ, ಚಿಕ್ಕಂದಿನಿಂದ ಕಂಡ ನೀರೇ ಅವನಿಗೆ ಬೇರೆಯಾಗಿ ತೋರೀತು. ಗೊರೂರಿಗೆ ಸಮೀಪದ ಶೆಟ್ಟಿಹಳ್ಳಿಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದು ಪಾಳುಬಿದ್ದು ನಿಂತಿದೆ. ಜಲಾಶಯ ತುಂಬಿದಾಗ ಅದರ ಗೋಡೆಗಳು ನೀರಿನ ನಡುವೆ ದ್ವೀಪದಂತೆ ಕಾಣುತ್ತವೆ. ಬೇಸಗೆಯಲ್ಲಿ ನೀರು ತಗ್ಗಿದಾಗ ಅದರ ಅಂಗಳದವರೆಗೂ ನಡೆದು ಹೋಗಬಹುದು. ದೂರದೂರುಗಳಿಂದ ಜನ ಕಾರಿನಲ್ಲಿ ಬಂದು, ಚಿತ್ರ ತೆಗೆದುಕೊಂಡು, ಎಷ್ಟು ಚೆಲುವಾದ ಸ್ಥಳವೆಂದು ಹೊಗಳಿ ಹಿಂತಿರುಗುತ್ತಾರೆ. ಚೆಲುವಾದ ಸ್ಥಳವೆಂಬುದು ಸುಳ್ಳಲ್ಲ. ಆದರೆ ಆ ನೀರಿನ ಕೆಳಗೆ ಹೊಲಗಳಿದ್ದವು, ಮನೆಗಳಿದ್ದವು. ಆ ಇಗರ್ಜಿಯ ಗಂಟೆಯನ್ನು ಕೇಳಿ ಎದ್ದವರಿದ್ದರು. ನಾಲೆಯ ನೀರಿನಿಂದ ಎಷ್ಟೋ ಊರುಗಳ ಗದ್ದೆಗಳು ಹಸುರಾಗಲೆಂದು ಅವರು ತಮ್ಮ ನೆಲವನ್ನು ಬಿಟ್ಟು ಹೋದರು.

ಪ್ರವಾಸದಿಂದ ಜ್ಞಾನ ಬೆಳೆಯುತ್ತದೆ ಎನ್ನುತ್ತಾರೆ. ಎಷ್ಟು ದೂರ ಹೋದೆವು, ಎಷ್ಟು ಹಡಗು ಏರಿದೆವು ಎಂಬ ಲೆಕ್ಕದಿಂದ ಆ ಜ್ಞಾನ ಬರುವುದಿಲ್ಲ. ಒಬ್ಬರಿಗೆ ನೋಟವಾದದ್ದು ಇನ್ನೊಬ್ಬರಿಗೆ ಮನೆಯಾಗಿರುತ್ತದೆ ಎಂಬುದನ್ನು ಅರಿತಾಗ ಅದು ಬರುತ್ತದೆ. ಹಾಗೆ ಅರಿತವನು ಕಿರಿದಾದ ದಾರಿಯಲ್ಲಿ ತಾನಾಗಿಯೇ ಬದಿಗೆ ಸರಿದು ನಿಲ್ಲುತ್ತಾನೆ. ಹಡಗಿನ ಸಾಲಿನಲ್ಲಿ ಹಿಂದೆ ನಿಂತ ಊರಿನ ಮುದುಕಿಯನ್ನು ಮುಂದೆ ಹೋಗಗೊಡುತ್ತಾನೆ. ತಡವಾಗಿ ಬಂದ ಹಡಗನ್ನು ಶಪಿಸುವ ಮುನ್ನ, ಅದಕ್ಕಾಗಿ ವರ್ಷವಿಡೀ ಕಾಯುವವರನ್ನು ನೆನೆಯುತ್ತಾನೆ.

ಅಭ್ಯಾಸ

1. ಪ್ರವಾಸಿಗೂ ದ್ವೀಪದ ನಿವಾಸಿಗೂ ಸೇತುವೆಯ ವಿಷಯದಲ್ಲಿ ಇರುವ ಭೇದವೇನು?
2. ಕಿರಿದಾದ ರಸ್ತೆಗಳಲ್ಲಿ ದ್ವೀಪದ ಜನ ಪಾಲಿಸುವ ಮರ್ಯಾದೆಯನ್ನು ವಿವರಿಸಿರಿ.
3. ವಾಟರ್ಸೆ ದ್ವೀಪಕ್ಕೆ ಏರಿ ಬಂದ ಬಗೆಯನ್ನು ತಿಳಿಸಿರಿ.
4. ಸೇಂಟ್ ಕಿಲ್ಡಾದ ಜನ ಊರು ತೊರೆಯಲು ಕಾರಣಗಳೇನು?
5. 'ಒಬ್ಬರಿಗೆ ನೋಟವಾದದ್ದು ಇನ್ನೊಬ್ಬರಿಗೆ ಮನೆಯಾಗಿರುತ್ತದೆ.' ಈ ಮಾತನ್ನು ನಿಮ್ಮ ಊರಿನ ಸಮೀಪದ ಒಂದು ಪ್ರವಾಸಿ ಸ್ಥಳಕ್ಕೆ ಅನ್ವಯಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.